ಕುದುರೆಗೇ ಬಂದ ಕಾಲುನೋವು

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಪೆನ್ನಿಯ ಮುಂದೆ ನಡೆಯುವುದಿಲ್ಲ. ಪೆನ್ನಿಯೂ ಕುದುರೆಯೇ. ಆದರೆ ಅದರ ಎತ್ತರ ಊಟದ ಮೇಜಿಗಿಂತ ನಾಲ್ಕು ಬೆರಳು ಹೆಚ್ಚು, ಅಷ್ಟೆ. ಕಾಲು ಎಷ್ಟೇ ನೋಯಲಿ, ದೊಡ್ಡವರು ಅದರ ಬೆನ್ನೇರುವಂತಿಲ್ಲ. ತಾಮ್ರದ ಬಣ್ಣದ ಮೈ, ಕಣ್ಣು ಮುಚ್ಚುವಷ್ಟು ಜೂಲು. ಅಮೆರಿಕದವರು ತಮ್ಮ ಒಂದು ಸೆಂಟಿನ ನಾಣ್ಯಕ್ಕೆ ಹೇಳುವ ಹೆಸರನ್ನೇ ಮನೆಯವರು ಇದಕ್ಕೂ ಇಟ್ಟಿದ್ದರು.

ಫ್ಲಾರಿಡಾ ರಾಜ್ಯದ ಒಕಾಲಾ ಸುತ್ತಮುತ್ತ ಎಲ್ಲಿ ನೋಡಿದರೂ ಕುದುರೆಗಳೇ. ತನ್ನನ್ನು ಜಗತ್ತಿನ ಕುದುರೆ ರಾಜಧಾನಿ ಎಂದು ಕರೆದುಕೊಳ್ಳುವ ಊರು ಅದು. ರೇಸಿಗೆ ಓಡುವ ದೈತ್ಯ ಕುದುರೆಗಳ ನಡುವೆ ಈ ಗಿಡ್ಡ ಜಾತಿಗೂ ಅಲ್ಲಿ ಮರ್ಯಾದೆಯಿದೆ. ‘ಮಿನಿಯೇಚರ್’ ಎನಿಸಿಕೊಳ್ಳಬೇಕಾದರೆ ಎತ್ತರ 34 ಇಂಚು ಮೀರಬಾರದೆಂಬುದು 1978ರಲ್ಲಿ ಹುಟ್ಟಿದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ನಿನ ನಿಯಮ. ಜೂಲಿನ ಕೊನೆಯ ಕೂದಲು ಇರುವಲ್ಲಿಂದ ನೆಲದವರೆಗೆ ಅಳೆಯುತ್ತಾರೆ.

ಪೆನ್ನಿ ಆ ಮನೆಯ ಹನ್ನೆರಡು ವರ್ಷದ ಹುಡುಗಿಯ ಜೀವ. ಶಾಲೆಗೆ ಹೋಗುವಾಗ ಒಂದು ಸೇಬು, ಬಂದಮೇಲೆ ಎರಡು ಕ್ಯಾರೆಟ್, ಮಲಗುವ ಮುಂಚೆ ಒಂದು ಹಿಡಿ ಓಟ್ಸ್. ಉಳಿದ ಹೊತ್ತೆಲ್ಲ ಹಸಿರು ಹುಲ್ಲು. ಹೊಟ್ಟೆ ಪೀಪಾಯಿಯಂತಾಯಿತು. ನೋಡಿದವರೆಲ್ಲ ‘ಎಷ್ಟು ಮುದ್ದಾಗಿದೆ!’ ಎಂದರೇ ಹೊರತು ಯಾರಿಗೂ ಅದು ರೋಗದ ಮುನ್ಸೂಚನೆ ಅನ್ನಿಸಲಿಲ್ಲ.

ಒಂದು ಬೆಳಗ್ಗೆ ಪೆನ್ನಿ ಸೇಬಿಗೂ ಹತ್ತಿರ ಬರಲಿಲ್ಲ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಹಿಂದಕ್ಕೆ ವಾಲಿಕೊಂಡು ನಿಂತಿತ್ತು. ಪಶುವೈದ್ಯೆ ಬಂದು ಗೊರಸು ಮುಟ್ಟಿದರು. ಬಿಸಿ! ಲ್ಯಾಮಿನೈಟಿಸ್ ಎಂದರು. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರ ಉರಿಯೂತಕ್ಕೆ ಸಿಗುವುದೇ ಈ ರೋಗ. ಹಾಗೇ ಬಿಟ್ಟರೆ ಮೂಳೆಯೇ ಜಾರಿ ಕುದುರೆ ಶಾಶ್ವತವಾಗಿ ಕುಂಟಾಗಬಹುದು, ಪ್ರಾಣಕ್ಕೂ ಸಂಚಕಾರ ಬರಬಹುದು. ಮೈಯಲ್ಲಿ ಸೇರಿದ ಕೊಬ್ಬು, ಹುಲ್ಲಿನಲ್ಲಿರುವ ಸಕ್ಕರೆ ಇದಕ್ಕೆ ದೊಡ್ಡ ಕಾರಣಗಳು.

‘ಹುಲ್ಲು ತಿಂದರೆ ಕುದುರೆಗೆ ರೋಗವೇ?’ ಹುಡುಗಿ ಅಳುತ್ತಾ ಕೇಳಿದಳು. ಪಶುವೈದ್ಯೆ ಅದರ ಪೂರ್ವಜರ ಕಥೆ ಹೇಳಿದರು. ಈ ಗಿಡ್ಡ ಕುದುರೆಗಳ ಪೂರ್ವಿಕರಲ್ಲಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಷೆಟ್ಲೆಂಡ್ ದ್ವೀಪಗಳ ಕುದುರೆಗಳು ಮುಖ್ಯ. ಚಳಿಗಾಳಿಯ ಆ ದ್ವೀಪಗಳಲ್ಲಿ ಸಿಕ್ಕಿದ ಒರಟು ಹುಲ್ಲು ತಿಂದು ಬದುಕಿದ ಜಾತಿ ಅದು. ಸಿಕ್ಕ ಪ್ರತಿ ಕವಳವನ್ನೂ ಮೈಯಲ್ಲಿ ಕೂಡಿಡುವುದು ಅದರ ರಕ್ತಗುಣ. ಬ್ರಿಟನ್ನಿನಲ್ಲಿ 1842ರ ಕಾನೂನು ಹೆಂಗಸರನ್ನೂ ಹತ್ತು ವರ್ಷಕ್ಕಿಂತ ಚಿಕ್ಕ ಹುಡುಗರನ್ನೂ ಗಣಿಯೊಳಗೆ ದುಡಿಸಕೂಡದೆಂದು ತಡೆದ ಮೇಲೆ ಕಲ್ಲಿದ್ದಲ ಬಂಡಿ ಎಳೆಯಲು ಇಂಥ ಕುದುರೆಗಳು ಹೆಚ್ಚು ಹೆಚ್ಚಾಗಿ ಸುರಂಗಕ್ಕಿಳಿದವು. ಅರೆಹೊಟ್ಟೆಗೂ ದುಡಿಮೆಗೂ ಒಗ್ಗಿದ ಮೈಗೆ ಈಗ ಫ್ಲಾರಿಡಾದ ಹಸಿರು ಮತ್ತು ಪೂರ್ತಿ ವಿಶ್ರಾಂತಿ!

‘ನಾನು ಪ್ರೀತಿಯಿಂದಲೇ ಕೊಟ್ಟೆ’ ಎಂದಳು ಹುಡುಗಿ.

‘ಪ್ರೀತಿ ತಪ್ಪಲ್ಲಮ್ಮ, ಅಳತೆ ತಪ್ಪಿತು’ ಎಂದರು ಪಶುವೈದ್ಯೆ.

ಹಾಗೆಂದು ಉಪವಾಸ ಕೆಡವುವಂತಿಲ್ಲ. ಒಮ್ಮೆಗೇ ಆಹಾರ ನಿಂತರೆ ಈ ಜಾತಿಯಲ್ಲಿ ಮೈಯ ಕೊಬ್ಬು ರಕ್ತಕ್ಕೆ ನುಗ್ಗಿ ಪ್ರಾಣಾಪಾಯವಾಗುತ್ತದೆ. ಒಣಹುಲ್ಲನ್ನು ತೂಗಿ ಹಾಕಬೇಕು. ಬಯಲಿಗೆ ಬಿಡುವಾಗ, ಕಣದಲ್ಲಿ ಎತ್ತಿನ ಬಾಯಿಗೆ ಹಾಕುವ ಕುಕ್ಕೆಯಂಥದನ್ನು ಕಟ್ಟಬೇಕು. ನೋವು ಪೂರ್ತಿ ಹೋಗುವವರೆಗೆ ಮೆತ್ತನೆಯ ನೆಲದಲ್ಲಿ ವಿಶ್ರಾಂತಿ. ಆಮೇಲೆ ಗೊರಸು ಸರಿಮಾಡಿಸಿ ದಿನವೂ ವ್ಯಾಯಾಮ.

ಸವಾರಿ ಮಾಡಲಾಗದ ಕುದುರೆಗೆ ವ್ಯಾಯಾಮ ಹೇಗೆ? ಹುಡುಗಿ ಹಗ್ಗ ಹಿಡಿದು ಜೊತೆಯಲ್ಲಿ ನಡೆದಳು. ನಡಿಗೆಯೇನೋ ಸರಿ, ಕುಕ್ಕುಲೋಟ ಶುರುವಾದರೆ ಎರಡೇ ಸುತ್ತಿಗೆ ಅವಳಿಗೇ ಏದುಸಿರು. ಅಕ್ಕಪಕ್ಕದ ಕುದುರೆ ಸಾಕಣೆಗಾರರು ಉಪಾಯ ಹೇಳಿದರು: ಗಾಲ್ಫ್ ಕಾರ್ಟ್. ಮೈಸೂರು ಮೃಗಾಲಯದಲ್ಲಿ ಜನರನ್ನು ಕೂರಿಸಿಕೊಂಡು ತಿರುಗುವ ಬ್ಯಾಟರಿ ಗಾಡಿಯ ತಮ್ಮ ಎನ್ನಬಹುದಾದ ಪುಟ್ಟ ವಾಹನ ಅದು. ಒಕಾಲಾದ ದಕ್ಷಿಣಕ್ಕಿರುವ ನಿವೃತ್ತರ ಊರು ‘ದಿ ವಿಲೇಜಸ್’ನಲ್ಲಿ ಜನ ಅಂಗಡಿಗೂ ಅದರಲ್ಲೇ ಹೋಗುತ್ತಾರೆ. ಒಬ್ಬರು ಗಾಡಿ ನಡೆಸುವುದು, ಇನ್ನೊಬ್ಬರು ಪಕ್ಕದಲ್ಲಿ ಕೂತು ಹಗ್ಗ ಹಿಡಿಯುವುದು, ಕುದುರೆ ಜೊತೆಗೆ ಓಡುವುದು.

ಕೇಳಲು ಸುಲಭ. ಆದರೆ ಕಟ್ಟುಪಾಡುಗಳಿವೆ. ಮೊದಲು ನಿಂತ ಗಾಡಿಯನ್ನು ಕುದುರೆ ಮೂಸಿ ನೋಡಿ ಭಯ ಬಿಡಬೇಕು. ಹಗ್ಗವನ್ನು ಗಾಡಿಗೆ ಕಟ್ಟಕೂಡದು, ಕೈಗೂ ಸುತ್ತಿಕೊಳ್ಳಕೂಡದು. ಬೇಕೆಂದಾಗ ಬಿಡಲು ಬರಬೇಕು. ಗಟ್ಟಿ ರಸ್ತೆ ಬೇಡ. ಮೊದಲ ದಿನಗಳಲ್ಲಿ ಕೆಲವೇ ನಿಮಿಷ ನಡಿಗೆ, ಆಮೇಲೆ ತುಸು ಓಟ. ಒಂದೇ ಕಡೆ ಓಡಿಸದೆ ದಿಕ್ಕು ಬದಲಿಸಬೇಕು. ಮುಖ್ಯವಾಗಿ ಹಗ್ಗ ಸಡಿಲವಾಗಿರಬೇಕು. ತೀರಾ ಜೋತುಬಿದ್ದರೆ ಚಕ್ರಕ್ಕೆ ಸಿಕ್ಕೀತು, ಬಿಗಿಯಾದರೆ ಕುದುರೆ ಓಡುತ್ತಿಲ್ಲ, ಎಳೆಸಿಕೊಳ್ಳುತ್ತಿದೆ ಎಂದರ್ಥ.

ಬಿಸಿಲೇರುವ ಮುಂಚೆ ಅಪ್ಪ ಗಾಡಿ ನಡೆಸುತ್ತಿದ್ದ, ಮಗಳು ಹಗ್ಗ ಹಿಡಿಯುತ್ತಿದ್ದಳು. ವಾರಗಳು ಕಳೆದವು. ಪೆನ್ನಿ ಕಿವಿ ನಿಮಿರಿಸಿ ಓಡತೊಡಗಿತು. ಊರಿನಲ್ಲಿ ಮಕ್ಕಳ ಕುದುರೆ ಪ್ರದರ್ಶನ ಹತ್ತಿರ ಬಂತು. ಅಷ್ಟರೊಳಗೆ ಹೊಟ್ಟೆ ಪೂರ್ತಿ ಕರಗಿಸಬೇಕೆಂದು ಅಪ್ಪನಿಗೆ ಹಟ ಹಿಡಿಯಿತು. ಪೆಡಲ್ ಮೇಲಿನ ಕಾಲು ಅವನಿಗೇ ತಿಳಿಯದಂತೆ ಭಾರವಾಯಿತು. ಗಂಟೆಗೆ 20 ಕಿಲೋಮೀಟರ್ ಮುಟ್ಟಬಲ್ಲ ಗಾಡಿ ಅದು. ಗೇಣುದ್ದದ ಹೆಜ್ಜೆಯ ಜೀವಕ್ಕೆ ಸರಿಸಮವೇ?

‘ಅಪ್ಪಾ, ಹಗ್ಗ ಬಿಗಿಯಾಯ್ತು.’

‘ಇನ್ನೊಂದೇ ಸುತ್ತು.’

ಮನೆಪಾಠದ ಹೊತ್ತಿನಲ್ಲಿ ‘ಇನ್ನೊಂದೇ ಪುಟ’ ಎನ್ನುವ ಅದೇ ದನಿ. ಹುಡುಗಿ ಮತ್ತೆ ಮಾತಾಡಲಿಲ್ಲ. ಮುಷ್ಟಿ ಬಿಚ್ಚಿದಳು.

ಪೆನ್ನಿ ಅಲ್ಲೇ ನಿಂತಿತು. ಗಾಡಿ ಸುಮ್ಮನೆ ಮುಂದೆ ಹೋಯಿತು. ಪಕ್ಕದಲ್ಲಿ ಕುದುರೆಯಿಲ್ಲ ಎಂದು ಅಪ್ಪನಿಗೆ ಗೊತ್ತಾಗುವ ಹೊತ್ತಿಗೆ ಇಪ್ಪತ್ತು ಮಾರು ದೂರ ಬಂದಾಗಿತ್ತು. ಅವನು ಇಳಿದು ಓಡಿ, ಮೊಣಕಾಲೂರಿ ನಾಲ್ಕೂ ಗೊರಸನ್ನು ಅಂಗೈಯಿಂದ ಮುಟ್ಟಿ ನೋಡಿದ. ಬಿಸಿ ಇರಲಿಲ್ಲ. ಬಹಳ ಹೊತ್ತು ಹಾಗೇ ಕೂತಿದ್ದ.

ಮರುದಿನ ಅಮ್ಮ ಗಾಡಿ ನಡೆಸಿದಳು, ಹಗ್ಗ ಅಪ್ಪನ ಕೈಗೆ ಬಂತು, ಮಗಳು ಹಿಂದೆ ಕೂತಳು. ಮುಂದೆ ನೋಡುತ್ತಾ ನಡೆಸುವವನಿಗೆ ಕಾಣದ್ದು ಹಗ್ಗ ಹಿಡಿದ ಬೆರಳಿಗೆ ತಿಳಿಯುತ್ತದೆ. ಪೆನ್ನಿಯ ಉಸಿರು, ದಣಿವು, ಹುರುಪು ಎಲ್ಲವೂ ಆ ಹಗ್ಗದಲ್ಲೇ ಹರಿದುಬರುತ್ತಿತ್ತು. ‘ಸ್ವಲ್ಪ ನಿಧಾನ’ ಎಂದು ಮೊದಲು ಹೇಳಿದವನು ಅವನೇ.

ಆ ವರ್ಷ ಅವರು ಪ್ರದರ್ಶನಕ್ಕೆ ಹೋಗಲಿಲ್ಲ. ತಿಂಗಳುಗಳ ನಂತರ ಪಶುವೈದ್ಯೆ ಪೆನ್ನಿಯ ಪಕ್ಕೆಯ ಮೇಲೆ ಬೆರಳಾಡಿಸಿದರು. ಕೊಬ್ಬಿನ ಕೆಳಗೆ ಕಳೆದುಹೋಗಿದ್ದ ಪಕ್ಕೆಲುಬುಗಳು ಒಂದೊಂದಾಗಿ ಕೈಗೆ ಸಿಕ್ಕವು.

ಈಗಲೂ ಸಂಜೆ ಮಗಳು ಪುಸ್ತಕ ಹಿಡಿದು ಕೂತಿರುವಾಗ ಅಪ್ಪ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾನೆ. ‘ಇನ್ನೊಂದೇ ಪುಟ’ ಎನ್ನುವುದಿಲ್ಲ.

‘ಹಗ್ಗ ಹೇಗಿದೆ?’ ಎಂದು ಕೇಳುತ್ತಾನೆ.

‘ಸಡಿಲವಾಗೇ ಇದೆ’ ಎಂದರೆ ತನ್ನ ಪಾಡಿಗೆ ಹೋಗುತ್ತಾನೆ. ‘ಸ್ವಲ್ಪ ಬಿಗಿ’ ಎಂದರೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾನೆ.