ಆಟವನ್ನು ಬಿಟ್ಟ ವಿದ್ಯಾನಿಲಯ

ಕೆಲವು ವರ್ಷಗಳ ಕೆಳಗೆ, ಶರತ್ಕಾಲದಲ್ಲಿ, ಅಮೆರಿಕ ದೇಶದ ಷಿಕಾಗೋ ನಗರದಲ್ಲಿರುವ ನನ್ನ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದು ಬಂದೆನು. ಅವಳಿಗೆ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕೆಲಸ. ಮೂವತ್ತು ವರ್ಷ ಉಪಾಧ್ಯಾಯನಾಗಿದ್ದ ತಂದೆಗೆ ಅಂಗಡಿಬೀದಿಗಳನ್ನು ತೋರಿಸುವುದಕ್ಕಿಂತ ಪುಸ್ತಕಗಳನ್ನು ತೋರಿಸುವುದು ಮೇಲೆಂದು ಬಗೆದು, ಒಂದು ದಿನ ನನ್ನನ್ನು ರೆಗೆನ್‌ಸ್ಟೈನ್ ಎಂಬ ಹೆಸರಿನ ಅಲ್ಲಿಯ ದೊಡ್ಡ ಗ್ರಂಥಭಂಡಾರಕ್ಕೆ ಕರೆದೊಯ್ದಳು. ಭಾರತದ ಭಾಷೆಗಳ ಪುಸ್ತಕಗಳಿರುವ ಅಂತಸ್ತಿನಲ್ಲಿ ಕಪಾಟಿನ ಸಾಲುಗಳ ನಡುವೆ ನಡೆಯುತ್ತಿದ್ದಾಗ, ಇದ್ದಕ್ಕಿದ್ದಂತೆ ಕನ್ನಡದ ಅಕ್ಷರಗಳು ಕಣ್ಣಿಗೆ ಬಿದ್ದವು. ಪರಸ್ಥಳದ ಜಾತ್ರೆಯಲ್ಲಿ ತವರೂರಿನ ನೆಂಟರನ್ನು ಕಂಡಂತಾಯಿತು. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ೧೯೬೨ರಿಂದ ೧೯೯೩ರಲ್ಲಿ ತೀರಿಕೊಳ್ಳುವವರೆಗೆ ಪಾಠ ಹೇಳಿದ್ದು ಈ ವಿದ್ಯಾನಿಲಯದಲ್ಲಿಯೇ. ನಮ್ಮ ಶಿವಶರಣರ ವಚನಗಳು ಅವರ ಇಂಗ್ಲಿಷಿನಲ್ಲಿ ೧೯೭೩ರಲ್ಲಿ ಲೋಕಕ್ಕೆ ಹೊರಟದ್ದು ಅವರು ಈ ಊರಿನಲ್ಲಿದ್ದಾಗಲೇ.

ನಾನು ಒಂದು ಪುಸ್ತಕವನ್ನು ಕೈಗೆತ್ತಿಕೊಂಡು ನಿಂತಿದ್ದೆನು. ಮಗಳು ನಗುತ್ತ, “ಅಪ್ಪಾ, ನೀವು ಈಗ ನಿಂತಿರುವುದು ಫುಟ್‌ಬಾಲ್ ಮೈದಾನದ ಮೇಲೆ, ಗೊತ್ತೇ?” ಎಂದಳು. ವಿನೋದವಿರಬೇಕೆಂದು ನಾನೂ ನಕ್ಕೆನು. ಅದು ವಿನೋದವಲ್ಲ. ಆ ಕಟ್ಟಡ ೧೯೭೦ರಲ್ಲಿ ತೆರೆಯುವುದಕ್ಕೆ ಮುಂಚೆ, ಅದೇ ನೆಲದಲ್ಲಿ, ಹತ್ತಾರು ಸಾವಿರ ಜನ ಕೂತು ಕೂಗುತ್ತಿದ್ದ ಕ್ರೀಡಾಂಗಣವಿದ್ದಿತು. ಆ ಕಥೆಯನ್ನು ಅವಳಿಂದ ಕೇಳಿದೆನು. ಉಳಿದುದನ್ನು ಅಲ್ಲಿಯ ಪುಸ್ತಕಗಳಲ್ಲಿ ಓದಿದೆನು. ಊರಿಗೆ ಬಂದ ಮೇಲೂ ಅದು ನನ್ನನ್ನು ಬಿಡಲಿಲ್ಲ. ಬಿಡದಿರುವುದಕ್ಕೆ ನನ್ನದೇ ಆದ ಒಂದು ಕಾರಣವುಂಟು. ಅದನ್ನು ಮುಂದೆ ಅರಿಕೆ ಮಾಡುವೆನು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅವರ ಚೆಂಡು ಎರಡು ತುದಿಯಲ್ಲಿಯೂ ಮೊನಚಾದದ್ದು. ಪಕ್ಷಕ್ಕೆ ಹನ್ನೊಂದು ಜನ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗಡಿಯ ಕಡೆಗೆ ಒಬ್ಬನು ಓಡುವನು. ಎದುರಾಳಿಗಳು ಮೈಮೇಲೆ ಬಿದ್ದು ಅವನನ್ನು ನೆಲಕ್ಕೆ ಕೆಡಹುವರು. ಓಟ, ಕುಸ್ತಿ, ವ್ಯೂಹರಚನೆ ಮೂರೂ ಸೇರಿದ ಆಟವೆನ್ನಬಹುದು.

ಷಿಕಾಗೋ ವಿಶ್ವವಿದ್ಯಾನಿಲಯವು ರಾಕ್‌ಫೆಲರ್ ಎಂಬ ಧನಿಕರ ದ್ರವ್ಯಸಹಾಯದಿಂದ ಹುಟ್ಟಿ, ೧೮೯೨ನೆಯ ಅಕ್ಟೋಬರ್ ೧ರಂದು ಪಾಠಗಳನ್ನು ಆರಂಭಿಸಿತು. ಆಟವೂ ಅದೇ ಶರತ್ಕಾಲದಲ್ಲಿ ಆರಂಭವಾಯಿತು. ಮೊದಲನೆಯ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರರು ಹೀಬ್ರೂ ಭಾಷೆಯ ಪಂಡಿತರು. ಆದರೂ ಹೊಸ ವಿದ್ಯಾಲಯದ ಹೆಸರು ನಾಲ್ಕು ಜನರ ಬಾಯಿಗೆ ಬರಬೇಕಾದರೆ ಪಾಂಡಿತ್ಯವೊಂದೇ ಸಾಲದೆಂಬುದನ್ನು ಬಲ್ಲವರು. ಏಮಸ್ ಅಲೊಂಜೊ ಸ್ಟ್ಯಾಗ್ ಎಂಬ ತಮ್ಮ ಹಳೆಯ ಶಿಷ್ಯರನ್ನು ಕರೆಸಿಕೊಂಡು, ವರ್ಷಕ್ಕೆ ೨,೫೦೦ ಡಾಲರು ಸಂಬಳವನ್ನು ಗೊತ್ತುಮಾಡಿ, ಪ್ರಾಧ್ಯಾಪಕರ ಸಾಲಿನಲ್ಲಿ ಖಾಯಂ ಸ್ಥಾನವನ್ನು ಕೊಟ್ಟರು. ವ್ಯಾಯಾಮದ ಗುರುವಿಗೆ ಇಂಥ ಗೌರವ ಅದುವರೆಗೆ ದೊರೆತಿರಲಿಲ್ಲ. ಸ್ಟ್ಯಾಗರು ಧರ್ಮೋಪದೇಶಕರಾಗಬೇಕೆಂದು ಓದಿದವರು. ವಾಕ್ಚಾತುರ್ಯ ಸಾಲದೆಂದು ಆ ಯೋಚನೆಯನ್ನು ಬಿಟ್ಟವರು. ಮೊದಲನೆಯ ವರ್ಷ ಆಳು ಸಾಲದೆ ತಾವೇ ಹುಡುಗರೊಡನೆ ಕಣಕ್ಕಿಳಿದು ಆಡಿದರಂತೆ. ಅಂದಿನಿಂದ ೧೯೩೨ರವರೆಗೆ ನಲವತ್ತೊಂದು ಋತುಗಳ ಕಾಲ ಅವರೇ ಗುರುಗಳು. ಮೈದಾನಕ್ಕೂ ಕೊನೆಗೆ ಅವರ ಹೆಸರೇ ನಿಂತಿತು.

ಆ ತಂಡದ ವೈಭವದ ದಿನವೆಂದರೆ ೧೯೦೫ನೆಯ ನವೆಂಬರ್ ೩೦. ಎದುರಾಳಿ ಮಿಷಿಗನ್ ವಿಶ್ವವಿದ್ಯಾನಿಲಯ. ೧೯೦೧ರಿಂದ ೫೬ ಪಂದ್ಯಗಳಲ್ಲಿ ಒಂದನ್ನೂ ಸೋತಿರದ ತಂಡ. ಬಹುಹೊತ್ತು ಯಾರಿಗೂ ಒಂದಂಕವೂ ಬರಲಿಲ್ಲ. ಕೊನೆಗೆ ಮಿಷಿಗನ್ನಿನ ಡೆನಿ ಕ್ಲಾರ್ಕ್ ಎಂಬ ಹುಡುಗ ಚೆಂಡನ್ನು ಹಿಡಿದು ಓಡತೊಡಗಿದಾಗ, ಷಿಕಾಗೋದವರು ಅವನನ್ನು ಅವನ ಗಡಿಯ ಹಿಂದೆಯೇ ಕೆಡವಿದರು. ಹಾಗಾದರೆ ಎದುರಾಳಿಗೆ ಎರಡು ಅಂಕ. ಷಿಕಾಗೋ ಎರಡು, ಮಿಷಿಗನ್ ಸೊನ್ನೆ! ನಗರವೆಲ್ಲ ಸಂಭ್ರಮಿಸಿತು.

ದೀಪದ ಬುಡದ ಕತ್ತಲೆಯನ್ನೂ ಹೇಳಬೇಕಲ್ಲವೆ? ಆ ೧೯೦೫ರ ಋತುವಿನಲ್ಲಿಯೇ ದೇಶದಲ್ಲಿ ಹದಿನೈದಕ್ಕೂ ಹೆಚ್ಚು ಮಂದಿ ಈ ಆಟದಲ್ಲಿ ಪೆಟ್ಟು ತಿಂದು ಸತ್ತರು. ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ದೊಡ್ಡ ವಿದ್ಯಾಲಯದವರನ್ನು ಕರೆಸಿ ಬುದ್ಧಿ ಹೇಳಬೇಕಾಯಿತು. ೧೯೦೬ರಲ್ಲಿ ನಿಯಮಗಳನ್ನು ತಿದ್ದಿ, ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿಯಿತ್ತು, ಜನರು ಒಂದೆಡೆ ಮುತ್ತಿಬಿದ್ದು ನುಗ್ಗಾಡುವುದನ್ನು ಕಡಿಮೆಮಾಡಲು ಯತ್ನಿಸಿದರು. ಗೆದ್ದ ಪಕ್ಷದ ನಾಯಕಮಣಿಯಾದ ವಾಲ್ಟರ್ ಎಕರ್ಸಾಲ್ ಎಂಬ ತರುಣನು ಪದವಿಯನ್ನು ಪಡೆಯದೆಯೇ ವಿದ್ಯಾಲಯದಿಂದ ಹೊರಬಿದ್ದನು. ಸೋತ ಪಕ್ಷದ ಕ್ಲಾರ್ಕನ ಮೇಲೆ ಅಪವಾದವೆಲ್ಲ ಬಿದ್ದಿತು. ಅವನು ೧೯೩೨ರಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಾಗ, ಪತ್ರಿಕೆಗಳು ಇಪ್ಪತ್ತೇಳು ವರ್ಷ ಹಿಂದಿನ ಆ ಎರಡು ಅಂಕಗಳನ್ನೇ ನೆನೆದವು. ಹುಡುಗರ ಆಟದ ಮೇಲೆ ದೊಡ್ಡವರು ಎಂಥ ಭಾರವನ್ನು ಹೊರಿಸಬಲ್ಲರು!

ಕಾಲ ತಿರುಗಿತು. ೧೯೨೯ರಲ್ಲಿ ಮೂವತ್ತು ವರ್ಷ ವಯಸ್ಸಿನ ರಾಬರ್ಟ್ ಮೇನಾರ್ಡ್ ಹಚಿನ್ಸರು ಅಧ್ಯಕ್ಷರಾಗಿ ಬಂದು, ಪಾಠಕ್ರಮವನ್ನೆಲ್ಲ ಬದಲಾಯಿಸಿದರು. ಎಪ್ಪತ್ತು ವರ್ಷ ತುಂಬಿದ ಸ್ಟ್ಯಾಗರಿಗೆ ನಿಯಮದಂತೆ ವಿಶ್ರಾಂತಿಯಾಯಿತು. ಆ ಹಿರಿಯರೇನೋ ಸುಮ್ಮನೆ ಕೂರದೆ ಕ್ಯಾಲಿಫೋರ್ನಿಯಕ್ಕೆ ಹೋಗಿ ಇನ್ನೂ ಹದಿನಾಲ್ಕು ಋತುಗಳು ಕಲಿಸಿ, ೧೯೬೫ರಲ್ಲಿ ನೂರೆರಡು ವರ್ಷದವರಾಗಿ ಕಾಲವಾದರು. ಷಿಕಾಗೋದಲ್ಲಿ ಮಾತ್ರ ತಂಡ ಕುಗ್ಗುತ್ತ ಹೋಯಿತು. ನಡುವೆ ಆರುವ ದೀಪದ ಕುಡಿ ಒಮ್ಮೆ ಬೆಳಗಿದಂತೆ ಜೇ ಬರ್ವ್ಯಾಂಗರ್ ಎಂಬ ಆಟಗಾರನು ಹೊರಟು, ೧೯೩೫ರಲ್ಲಿ ದೇಶದ ಶ್ರೇಷ್ಠ ಆಟಗಾರನೆಂಬ ಪಾರಿತೋಷಕವನ್ನು ಪಡೆದನು. ಮುಂದೆ ಹೈಸ್ಮನ್ ಪಾರಿತೋಷಕವೆಂದು ಪ್ರಸಿದ್ಧವಾದದ್ದು ಅದೇ. ಅದನ್ನು ಮೊಟ್ಟಮೊದಲು ಪಡೆದವನು ಅವನೇ. ಹಣಕ್ಕೆ ಆಡುವ ತಂಡಗಳು ಕರೆದರೂ ಅವನು ಹೋಗಲಿಲ್ಲ.

ಹಚಿನ್ಸರ ವಾದ ಸರಳವಾದದ್ದು. ಆಟ ತಪ್ಪಲ್ಲ, ಟಿಕೆಟ್ಟಿನ ಹಣಕ್ಕಾಗಿಯೂ ಕೀರ್ತಿಗಾಗಿಯೂ ವಿದ್ಯಾಲಯವು ಆಟದ ಊಳಿಗಕ್ಕೆ ನಿಲ್ಲುವುದು ತಪ್ಪು. ಇದನ್ನು ಅವರು ೧೯೩೮ರಲ್ಲಿ ಒಂದು ಜನಪ್ರಿಯ ಪತ್ರಿಕೆಯಲ್ಲಿ ಬರೆದೂ ತಿಳಿಸಿದರು. ಮರುವರ್ಷ ಕೊನೆಯ ಏಟು ಬಿದ್ದಿತು. ೧೯೩೯ರಲ್ಲಿ ಹಾರ್ವರ್ಡಿನ ಎದುರು ೬೧–೦, ಒಹಾಯೋದ ಎದುರು ೬೧–೦, ಒಂದು ಕಾಲದಲ್ಲಿ ತಾನು ಮಣಿಸಿದ ಮಿಷಿಗನ್ನಿನ ಎದುರು ೮೫–೦, ಹೀಗೆ ಷಿಕಾಗೋ ಸೋತಿತು. ಆ ಡಿಸೆಂಬರ್ ೨೧ರಂದು ವಿದ್ಯಾಲಯದ ಧರ್ಮದರ್ಶಿಗಳು, ಅಂತರ ವಿಶ್ವವಿದ್ಯಾನಿಲಯ ಫುಟ್‌ಬಾಲನ್ನು ನಿಲ್ಲಿಸಿರುವುದಾಗಿ ಸಾರಿದರು. ೧೮೯೬ರಲ್ಲಿ ಏಳು ವಿದ್ಯಾಲಯಗಳು ಕೂಡಿ ಕಟ್ಟಿದ ಕ್ರೀಡಾಮಂಡಲದಲ್ಲಿ ಷಿಕಾಗೋ ಮೊದಲಿನಿಂದಲೂ ಇದ್ದಿತು. ೧೯೪೬ರಲ್ಲಿ ಅದನ್ನೂ ಬಿಟ್ಟಿತು.

ಇದು ತ್ಯಾಗವೋ, ಸೋಲೋ? ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಯಾರಾದರೂ ಇಲ್ಲಿ ನೆನೆದರೆ ಅವರನ್ನು ತಪ್ಪೆನ್ನಲಾರೆವು. ಷಿಕಾಗೋದಲ್ಲಿ ಹೀಗೆ ಸೋತ ತಂಡದ ಗುರು ಕ್ಲಾರ್ಕ್ ಷಾನೆಸಿ ಎಂಬವರು ಮರುವರ್ಷವೇ ಸ್ಟ್ಯಾನ್‌ಫರ್ಡಿಗೆ ಹೋಗಿ, ಆಡಿದ ಹತ್ತು ಪಂದ್ಯಗಳನ್ನೂ ಗೆದ್ದುಕೊಟ್ಟರು! ಗುರುವಿನಲ್ಲಿ ಕೊರತೆಯಿರಲಿಲ್ಲವೆಂದಾಯಿತು. ಆಟಕ್ಕೆಂದೇ ಹುಡುಗರನ್ನು ತಂದು, ಅವರಿಗಾಗಿ ಓದನ್ನು ಸಡಿಲಿಸಲು ಷಿಕಾಗೋ ಒಪ್ಪದಿದ್ದುದೇ ಕೊರತೆ. ನನ್ನ ಎಣಿಕೆಯಲ್ಲಿ ಅದು ಸೋಲೂ ಹೌದು, ವಿವೇಕವೂ ಹೌದು. ಮನುಷ್ಯನು ಮಾಡುವ ಅನೇಕ ಒಳ್ಳೆಯ ಕೆಲಸಗಳು ಹೀಗೆ ಬೆರಕೆಯಾಗಿಯೇ ಇರುವುವು.

ಈಗ ನನ್ನ ಅರಿಕೆ. ನಾನು ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆನು. ನಮ್ಮ ವಾಲಿಬಾಲ್ ತಂಡ ಜಿಲ್ಲೆಯ ಷೀಲ್ಡನ್ನು ಮೂರು ವರ್ಷ ತಂದಿತ್ತು. ಊರಿಗೆ ಅದೇ ಹೆಮ್ಮೆ. ಒಂದು ದಿನ ಹಾಜರಿ ಪುಸ್ತಕವನ್ನು ತಿರುವಿ ನೋಡಿದಾಗ, ತಂಡದ ಹುಡುಗರು ಪಾಠಕ್ಕೆ ಬಾರದ ದಿನಗಳಲ್ಲಿಯೂ ಬಂದರೆಂದು ಗುರುತಾಗಿತ್ತು. ಇಬ್ಬರಿಗೆ ವಯಸ್ಸೂ ಮೀರಿತ್ತು. ಬರೆದವರು ನನ್ನ ಸಹೋದ್ಯೋಗಿಗಳು. ಕಂಡೂ ಕಾಣದಂತಿದ್ದವನು ನಾನು. ಆ ವರ್ಷ ಮೊದಲ ಸುತ್ತಿನಲ್ಲಿಯೇ ಸೋತು ಬಂದರು. ನಾನು ಮರುದಿನವೇ ತಂಡವನ್ನು ವಿಸರ್ಜಿಸಿ, ಬಲೆಯನ್ನು ಸುತ್ತಿಸಿ ಉಗ್ರಾಣಕ್ಕೆ ಹಾಕಿಸಿದೆನು. ಗೆದ್ದಿದ್ದರೆ ಹಾಗೆ ಮಾಡುತ್ತಿದ್ದೆನೆ? ಈ ಪ್ರಶ್ನೆಗೆ ಇಂದಿಗೂ ನನ್ನ ಬಳಿ ಉತ್ತರವಿಲ್ಲ.

ಆ ತಂಡದಲ್ಲಿ ಒಬ್ಬ ಕುಂಬಾರರ ಹುಡುಗನಿದ್ದನು. ಓದಿನಲ್ಲಿ ಹಿಂದೆ, ಬಲೆಯ ಮುಂದೆ ಎಗರಿದರೆ ನೋಡುವವರು ಉಸಿರು ಹಿಡಿಯಬೇಕು. ಬಲೆ ಉಗ್ರಾಣಕ್ಕೆ ಹೋದ ವಾರದಲ್ಲಿಯೇ ಅವನು ಶಾಲೆಯನ್ನು ಬಿಟ್ಟನು. ಬಹಳ ವರ್ಷಗಳ ಮೇಲೆ ಒಂದು ಬಸ್ಸಿನಲ್ಲಿ ಕಂಡಕ್ಟರಾಗಿ ಸಿಕ್ಕಿ, ನನ್ನಿಂದ ದುಡ್ಡು ತೆಗೆದುಕೊಳ್ಳದೆ ಟಿಕೆಟ್ಟು ಹರಿದುಕೊಟ್ಟು, “ಆಟ ಇದ್ದದ್ದಕ್ಕೆ ಇಸ್ಕೂಲಿಗೆ ಬರ್ತಿದ್ದೆ ಮೇಷ್ಟ್ರೇ. ಬಂದಾಗ ಒಂದೆರಡು ಅಕ್ಷರಾನೂ ಕಿವಿಗೆ ಬೀಳ್ತಿತ್ತು” ಎಂದನು. ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಷಿಕಾಗೋದ ಕಥೆಯಲ್ಲಿ ನಾನು ಮುಂದೇನಾಯಿತೆಂದು ಹುಡುಕಿದ್ದು ಇದಕ್ಕಾಗಿ. ಬಿಟ್ಟ ಜಾಗ ಬರಿದಾಗಿ ಉಳಿಯುವುದಿಲ್ಲ. ಆಟಗಾರರಿಲ್ಲದ ಆ ಮೈದಾನದ ಪಶ್ಚಿಮದ ಮೆಟ್ಟಿಲುಸಾಲಿನ ಅಡಿಯಲ್ಲಿ, ಗೋಡೆಗೆ ಚೆಂಡು ಹೊಡೆದಾಡುವ ಒಂದು ಒಳಾಂಗಣವಿದ್ದಿತು. ೧೯೪೨ನೆಯ ಡಿಸೆಂಬರ್ ೨ರಂದು ಎನ್ರಿಕೊ ಫರ್ಮಿ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಅಲ್ಲಿ ಸೀಸದಕಡ್ಡಿಯ ಕಪ್ಪು ಗ್ರಾಫೈಟಿನ ಇಟ್ಟಿಗೆಗಳನ್ನೂ ಯುರೇನಿಯಮ್ಮನ್ನೂ ಒಟ್ಟಿ, ಪರಮಾಣುವಿನ ಸರಪಳಿ ಕ್ರಿಯೆಯನ್ನು ಮನುಷ್ಯನ ಹತೋಟಿಯಲ್ಲಿ ಮೊದಲ ಬಾರಿಗೆ ನಡೆಸಿದರು. ಅಂದು ಅದರ ಶಕ್ತಿ ಅರ್ಧ ವ್ಯಾಟು ಮಾತ್ರ; ಮೂರು ವರ್ಷ ತುಂಬುವುದರೊಳಗೆ ಹಿರೋಷಿಮ ಬೂದಿಯಾಯಿತು. ಅದೇ ಸ್ಥಳದಲ್ಲಿ ಹೆನ್ರಿ ಮೂರ್ ಎಂಬ ಶಿಲ್ಪಿ ಮಾಡಿದ ಕಂಚಿನ ಪ್ರತಿಮೆಯನ್ನು ೧೯೬೭ರಲ್ಲಿ ನಿಲ್ಲಿಸಿದ್ದಾರೆ. ಅದರೆದುರಿಗೆ ನಿಂತಾಗ, ಆಟ ಹೋದ ಕಡೆ ವಿದ್ಯೆಯೇ ಬಂದಿತೆಂದು ಹಿಗ್ಗುವುದಕ್ಕೆ ನನಗೆ ಬಾಯಿ ಬರಲಿಲ್ಲ. ವಿದ್ಯೆಗೂ ಹತೋಟಿ ಬೇಕು.

ಆಟವೂ ಪೂರ್ತಿ ಹೋಗಲಿಲ್ಲ. ೧೯೬೩ರಲ್ಲಿ ಅದನ್ನು ಸಣ್ಣದಾಗಿ ಮರಳಿ ತರಲು ನೋಡಿದಾಗ, ವಿದ್ಯಾರ್ಥಿಗಳೇ ಮೈದಾನದ ನಡುವೆ ಕೂತು ಬೇಡವೆಂದರಂತೆ! ೧೯೬೯ರಲ್ಲಿ ಅದಕ್ಕೆ ಮತ್ತೆ ವಿದ್ಯಾಲಯದ ಮನ್ನಣೆ ಸಿಕ್ಕಿತು. ಆದರೆ ಈ ಸಾರಿ ದೊಡ್ಡ ಮಂಡಲದಲ್ಲಲ್ಲ. ಆಟಕ್ಕೆಂದು ವಿದ್ಯಾರ್ಥಿವೇತನ ಕೊಡದ ವರ್ಗದಲ್ಲಿ. ಒಂದು ಶನಿವಾರ ಮಗಳೊಡನೆ ಹೋಗಿ ಹೊಸ ಮೈದಾನದಲ್ಲಿ ಪಂದ್ಯವನ್ನು ನೋಡಿದೆನು. ಅದರ ಹೆಸರೂ ಸ್ಟ್ಯಾಗರದೇ. ಪ್ರೇಕ್ಷಕರು ಕೆಲವೇ ಮಂದಿ, ಬಹುಪಾಲು ತಂದೆತಾಯಿಗಳು. ಹುಡುಗರು ಸೋತರೋ ಗೆದ್ದರೋ ನನಗೆ ತಿಳಿಯಲಿಲ್ಲ. ಆಟ ಮುಗಿದಾಗ ಎರಡು ಪಕ್ಷದವರೂ ಸಾಲಾಗಿ ನಡೆದು ಕೈಕುಲುಕಿದರು. ಒಬ್ಬ ತಾಯಿ ಮಗನ ಕೆನ್ನೆಯ ಮಣ್ಣನ್ನು ಒರಸಿ ಒಂದು ಡಬ್ಬಿಯಿಂದ ಏನನ್ನೋ ತಿನ್ನಲು ಕೊಟ್ಟಳು.

ಆಗ ನನಗೆ ಹೊಳೆಯಿತು. ನಿಲ್ಲಿಸಿದ್ದು ತಪ್ಪಲ್ಲ, ಮತ್ತೆ ಸಣ್ಣದಾಗಿ ತೆರೆಯದೆ ಬಿಟ್ಟದ್ದು ತಪ್ಪು. ಆ ವಿದ್ಯಾಲಯಕ್ಕೆ ಮೂವತ್ತು ವರ್ಷ ಹಿಡಿಯಿತು. ನಾನು ಬೀಗವನ್ನು ಹಾಕಿದವನು ಬೀಗದ ಕೈಯನ್ನೇ ಮರೆತೆನು.

ಊರಿಗೆ ಬಂದ ಮೇಲೆ ಹಳೆಯ ಶಾಲೆಗೆ ಹೋದೆನು. ಹಿತ್ತಲ ಮೈದಾನದಲ್ಲಿ ಎರಡು ಕಂಬಗಳು ಹಾಗೆಯೇ ಇದ್ದವು. ಒಂದಕ್ಕೆ ಯಾರೋ ಆಡನ್ನು ಕಟ್ಟಿದ್ದರು. ಈಗಿನ ಮುಖ್ಯೋಪಾಧ್ಯಾಯಿನಿಯವರಿಗೆ ಹೊಸ ಬಲೆಯನ್ನೂ ಎರಡು ಚೆಂಡುಗಳನ್ನೂ ಕೊಟ್ಟು, “ಷೀಲ್ಡಿಗೆ ಹೋಗುವುದು ಬೇಡ ತಾಯಿ, ಸಂಜೆ ಪಾಠ ಮುಗಿದ ಮೇಲೆ ಬಂದವರೆಲ್ಲ ಆಡಲಿ” ಎಂದೆನು. ಅವರು ನಕ್ಕು ಒಪ್ಪಿದರು. ಆ ಕಂಡಕ್ಟರಿಗೆ ಈ ಸಂಗತಿಯನ್ನು ತಿಳಿಸಬೇಕೆಂದಿದ್ದೇನೆ. ಆ ದಾರಿಯ ಬಸ್ಸು ಬಂದಾಗಲೆಲ್ಲ ಬಾಗಿಲಿನಲ್ಲಿ ನಿಂತವರ ಮುಖವನ್ನು ನೋಡುತ್ತೇನೆ.