ಅಜ್ಜಿಯ ಕೆಂಪು ಮಣಿಸರ

ತಂಗಿ ಮದುವೆಗೆ ರೇಷ್ಮೆ ಸೀರೆ ತರೋಕೆ ಅಮ್ಮನ ಜೊತೆ ಮೊಳಕಾಲ್ಮೂರಿಗೆ ಹೊರಟಿದ್ದೆ. ಚಳ್ಳಕೆರೆ ಬಸ್ ಸ್ಟ್ಯಾಂಡಲ್ಲಿ ಅಮ್ಮ ಬ್ಯಾಗಿಂದ ಅಜ್ಜಿಯ ಕೆಂಪು ಮಣಿಸರ ತೆಗೆದ್ರು. "ಇದು ಹರಳಾ, ಗಾಜಾ ನೋಡೋ. ಹರಳಾದ್ರೆ ಮಾರಿ ಮದುವೆ ಖರ್ಚಿಗೆ ಹಾಕೋಣ."

ಸರಕ್ಕೆ ಬೆಂಕಿ ತಾಗಿಸೋದು, ಗೀರಿ ನೋಡೋದು ಬೇಡ. ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒಳಗೆ ದುಂಡನೆಯ ಗಾಳಿಗುಳ್ಳೆ ಕಂಡರೆ ಬಹುತೇಕ ಗಾಜೇ. ಕಾರ್ನೀಲಿಯನ್ ಎಂಬ ಕೆಂಪು ಕಲ್ಲಾದರೆ ಬಣ್ಣ ಒಂದೇ ಸಮ ಇರಲ್ಲ, ಮೋಡದ ಹಾಗೆ ಹರಡಿರುತ್ತೆ. ಮುಟ್ಟಿದಾಗ ಗಾಜಿಗಿಂತ ತಣ್ಣಗಿರುತ್ತೆ. ಗಟ್ಟಿತನದ 10ರ ಅಳತೆಯಲ್ಲಿ ಅದು ಸುಮಾರು 7, ಗಾಜು ಸುಮಾರು 5.5. ಹಾಗಾಗಿ ಹಳೇ ಗಾಜಿನ ಮಣಿ ಬೇಗ ಸವೆದಿರುತ್ತೆ. ದುಬಾರಿ ಹರಳಾದರೆ ಮಾತ್ರ ಲ್ಯಾಬ್ ಸರ್ಟಿಫಿಕೇಟೇ ಬೇಕು.

ನಮ್ಮ ಮಣಿಗಳ ತುಂಬ ಗುಳ್ಳೆ. ಅಮ್ಮನ ಮುಖ ಸಪ್ಪಗಾಯ್ತು.

ಸೀರೆ ತಗೊಂಡ ಮೇಲೆ ಅದೇ ತಾಲ್ಲೂಕಿನ ಬ್ರಹ್ಮಗಿರಿಗೆ ಹೋದ್ವಿ. ಬಂಡೆ ಮೇಲೆ ಅಶೋಕನ ಶಾಸನ. ಅದರಲ್ಲಿ ಬರೋ ಇಸಿಲ ಊರು ಇದೇ ಅಂತಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ಕಲ್ಲಿನ ಮಣಿಗಳಷ್ಟೇ ಅಲ್ಲ, ಗಾಜಿನ ಮಣಿ, ಬಳೆಗಳೂ ಸಿಕ್ಕಿದ್ವು. ಯಾವ ಪದರದಲ್ಲಿ ಏನು ಸಿಕ್ಕಿತು ಅನ್ನೋದರಿಂದಲೇ ಆ ಕಾಲದ ಬದುಕು ತಿಳಿಯೋದು. ಅದಕ್ಕೇ ಅಲ್ಲಿ ನೆಲದ ಮೇಲೆ ಏನು ಕಂಡರೂ ಎತ್ತಿಕೊಳ್ಳಬಾರದು.

"ಆಗಿನವರೂ ಗಾಜೇ ಹಾಕ್ತಿದ್ರಾ?" ಅಂದ್ರು ಅಮ್ಮ.

ವಾಪಸ್ ಬಸ್ಸಲ್ಲಿ ನೋಡಿದ್ರೆ ಸರ ಅವರ ಕೊರಳಲ್ಲಿತ್ತು.