ಕೊರಳಲ್ಲಿ ಲಿಂಗ, ಹೆಗಲಲ್ಲಿ ಚೀಲ

ನನ್ನ ಬೆಳ್ಳಿಯ ಕರಡಿಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದು. ಒಳಗಿನ ಇಷ್ಟಲಿಂಗ ಮಾತ್ರ ನಾನು ಹುಟ್ಟಿದಾಗಿನದು. ಮೊದಲು ಅದನ್ನು ಅರಿವೆಯಲ್ಲಿ ಸುತ್ತಿ ತೊಟ್ಟಿಲ ಹಗ್ಗಕ್ಕೆ ಕಟ್ಟಿದ್ದರಂತೆ. ಕೆಲವು ವರ್ಷ ಅವ್ವ ತನ್ನದರ ಜೊತೆ ನನ್ನದನ್ನೂ ಕೊರಳಲ್ಲಿ ಹೊತ್ತಳು. ತಿಳಿವಳಿಕೆ ಬಂದ ಮೇಲೆ ನನ್ನ ಕೊರಳಿಗೆ ಬಂತು. ಒಳಗೆ ಸಣ್ಣ ಕಲ್ಲು, ಮೇಲೆ ಕಪ್ಪು ಲೇಪ, ನೇರಳೆ ಹಣ್ಣಿನ ಹೊಳಪು. ಚಿಕ್ಕವಳಿದ್ದಾಗ ಒಮ್ಮೆ ನೆಕ್ಕಿ ನೋಡಿ ಬೈಸಿಕೊಂಡಿದ್ದೇನೆ.

ನಾನು ಬಸ್ ಕಂಡಕ್ಟರ್. ಬಾಗಲಕೋಟೆಯಿಂದ ಕಮತಗಿ, ಅಮೀನಗಡ, ಹುನಗುಂದ ಹಾದು ಕೂಡಲಸಂಗಮಕ್ಕೆ ಹೋಗುವ ಗಾಡಿಯಲ್ಲಿ ಹೆಚ್ಚು ದುಡಿದವಳು. ಕೊರಳಲ್ಲಿ ಕರಡಿಗೆಯ ಶಿವದಾರ, ಹೆಗಲಲ್ಲಿ ರೊಕ್ಕದ ಚೀಲ, ಟಿಕೆಟ್ ಮಷಿನ್ನಿನ ಪಟ್ಟಿ. ಗದ್ದಲದ ಗಾಡಿಯಲ್ಲಿ ಇವೆಲ್ಲ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಅದಕ್ಕೇ ಕರಡಿಗೆಯನ್ನು ಖಾಕಿ ಅಂಗಿಯ ಒಳಗೆ ಸೇರಿಸಿ, ಮೇಲೊಂದು ಪಿನ್ನು ಹಾಕಿಕೊಳ್ಳುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲಂತೂ ಕೇಳಬೇಡಿ. ಹೆಣ್ಣುಮಕ್ಕಳಿಗೆ ಪುಕ್ಕಟೆ ಅಂದರೂ ಶೂನ್ಯದ ಟಿಕೆಟ್ಟು ಹರಿಯಲೇಬೇಕು. ರೊಕ್ಕ ಮುಟ್ಟದಿದ್ದರೂ ಕೈಗೆ ಬಿಡುವಿಲ್ಲ.

ಹೆರಿಗೆಯಾದ ಮನೆಯಲ್ಲಿ ಸೂತಕ ಅಂತ ದೇವರ ಕೋಣೆಯ ಬಾಗಿಲು ಮುಚ್ಚುವುದು ಎಷ್ಟೋ ಕಡೆ ಉಂಟು. ಲಿಂಗ ಕಟ್ಟುವ ನಮ್ಮಲ್ಲಿ ಇಲ್ಲ. ಜನನ, ಮರಣ, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗ ಕಟ್ಟಿದ ಮೈಗೆ ತಾಗುವುದಿಲ್ಲವೆಂದು 12ನೇ ಶತಮಾನದ ಶರಣರು ಕಲ್ಯಾಣದಲ್ಲೇ ಹೇಳಿಬಿಟ್ಟಿದ್ದಾರೆ. ಹಾಗಾಗಿ ನನಗೆ ಮಗ ಹುಟ್ಟಿದಾಗ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಅತ್ತೆ ನನ್ನ ಎಡ ಅಂಗೈಗೆ ಲಿಂಗ ಇಟ್ಟು, ವಿಭೂತಿ ಹಚ್ಚಿದರು. ಪಕ್ಕದ ಹಾಸಿಗೆಯ ಬಾಣಂತಿ ಬಾಯಿ ತೆರೆದು ನೋಡುತ್ತಿದ್ದಳು. ಎಂಟು ನೂರು ವರ್ಷದ ಹಿಂದಿನ ಮಾತು ಈಗಲೂ ಜನರನ್ನು ಬೆರಗುಗೊಳಿಸುತ್ತದೆ ಅಂದರೆ, ನಾವು ಮುಂದೆ ಬಂದಿದ್ದೇವೋ ಹಿಂದಕ್ಕೆ ಜಾರಿದ್ದೇವೋ ತಿಳಿಯದು.

ಸೂತಕ ಅಡ್ಡ ಬರಲಿಲ್ಲ, ಸರಿ. ಅಡ್ಡ ಬಂದದ್ದು ಕೂಸು. ಅಂಗೈ ಮೇಲಿನ ಲಿಂಗದಲ್ಲಿ ದೃಷ್ಟಿ ನೆಟ್ಟು ಅರ್ಧ ತಾಸು ಕೂಡುವುದು ನನಗೆ ಅವ್ವ ಹಚ್ಚಿದ ರೂಢಿ. ಮಗ ಹುಟ್ಟಿದ ಮೇಲೆ ದೃಷ್ಟಿ ಲಿಂಗದ ಮೇಲೆ, ಕಿವಿ ತೊಟ್ಟಿಲ ಮೇಲೆ. ಹಾಲು ಕುಡಿಯುತ್ತ ಅವನು ಶಿವದಾರ ಹಿಡಿದು ಎಳೆಯುವನು, ಕರಡಿಗೆಯನ್ನು ಬಾಯಿಗೆ ಹಾಕಿಕೊಳ್ಳುವನು. ದಾರ ದಿನವಿಡೀ ಜೊಲ್ಲಿನಿಂದ ಹಸಿ. ಬರಬರುತ್ತ ಪೂಜೆ ಅಂದರೆ ಬೆಳಿಗ್ಗೆ ಎದ್ದು ಕರಡಿಗೆ ಬಿಚ್ಚಿ, ಕಣ್ಣಿಗೊತ್ತಿ, ಮತ್ತೆ ಮುಚ್ಚುವುದು ಅಷ್ಟೇ ಆಯಿತು.

ಹೆರಿಗೆ ರಜೆ ಮುಗಿದು ಡ್ಯೂಟಿಗೆ ಹೊರಟಾಗ ಅದೂ ಹೋಯಿತು. ಮೊದಲ ಗಾಡಿ ಕತ್ತಲಿರುವಾಗಲೇ ಬಿಡುತ್ತದೆ. ಮಗನಿಗೆ ಹಾಲೂಡಿಸಿ, ಅಂಗಿ ತೊಟ್ಟು, ಡಿಪೋಕ್ಕೆ ಓಡುವುದರಲ್ಲಿ ವಿಭೂತಿಯೂ ನೆಟ್ಟಗೆ ಬೀಳುತ್ತಿರಲಿಲ್ಲ. ಬಿಟ್ಟುಬಂದ ಕೂಸಿನ ಚಿಂತೆ ಒಂದು ಕಡೆ, ಬಿಟ್ಟುಹೋದ ಪೂಜೆಯ ಅಳುಕು ಇನ್ನೊಂದು ಕಡೆ. ಅತ್ತೆಗೆ ಹೇಳಿಕೊಂಡೆ. ಅವರು ಜೋಳದ ಹಿಟ್ಟು ನಾದುತ್ತಲೇ, "ನುಲಿಯ ಚಂದಯ್ಯ ಏನ್ ಮಾಡಿದ್ನ ಹೇಳು ನೋಡೂಣು" ಅಂದರು.

ಶರಣ ಚಂದಯ್ಯ ನಮ್ಮ ಪಕ್ಕದ ವಿಜಯಪುರ ಜಿಲ್ಲೆಯ ಶಿವಣಗಿಯವನು. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ಮಾಡುವುದು ಅವನ ಕಾಯಕ. ಶೂನ್ಯಸಂಪಾದನೆಯಲ್ಲಿ ಅವನ ಕತೆ ಬರುತ್ತದೆ. ಒಂದು ದಿನ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ನೀರಿಗೆ ಬಿತ್ತು. ಚಂದಯ್ಯ ಹುಡುಕಲು ಹೋಗಲಿಲ್ಲ. ದಾಸೋಹಕ್ಕೆ ತಡವಾದೀತೆಂದು ಹೊರೆ ಹೊತ್ತು ನಡೆದೇಬಿಟ್ಟ. ಲಿಂಗವೇ ಹಿಂದೆ ಬಿದ್ದು, ತಿರುಗಿ ಕಟ್ಟಿಕೋ ಅಂತ ಬೇಡಿತಂತೆ. ಒಲ್ಲೆ ಅಂದ. ಇನ್ನೊಬ್ಬ ಶರಣ ಮಡಿವಾಳ ಮಾಚಯ್ಯ ನಡುವೆ ಬಂದು ತಿಳಿಹೇಳಬೇಕಾಯಿತು. ಕಡೆಗೆ ಒಪ್ಪಿದರೂ ಸುಮ್ಮನೆ ಒಪ್ಪಲಿಲ್ಲ, ಲಿಂಗಕ್ಕೂ ಹಗ್ಗ ಮಾರುವ ಕೆಲಸ ಹಚ್ಚಿದ! ದೇವರನ್ನು ದುಡಿತಕ್ಕೆ ಹಚ್ಚಿದ ಈ ಧೈರ್ಯ ನನಗೆ ಬಹಳ ಮೆಚ್ಚುಗೆ. ಅಷ್ಟು ಧೈರ್ಯ ನನಗಿಲ್ಲ. ಆದರೆ ಅಂದಿನಿಂದ ಖಾಕಿ ಅಂಗಿಯೊಳಗೆ ಕರಡಿಗೆ ಸೇರಿಸುವಾಗ, "ನಡಿಯಪ್ಪಾ, ನೀನೂ ಡ್ಯೂಟಿಗೆ" ಅನ್ನುವುದು ರೂಢಿಯಾಗಿದೆ.

ಕಾಯ್ದೆಯಲ್ಲೂ ನಮ್ಮಂಥವರ ನೆನಪಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಕೂಸಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದಿತು. 2017ರ ತಿದ್ದುಪಡಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿ, 50 ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಅಂದಿತು. ಒಳ್ಳೆಯದೇ. ಬರೆದವರು ಮೇಜು ಕುರ್ಚಿಯ ಕೆಲಸವನ್ನೇ ಕಣ್ಣ ಮುಂದಿಟ್ಟುಕೊಂಡಿದ್ದರೆಂದು ಕಾಣುತ್ತದೆ. ಕೂಸು ಬಾಗಲಕೋಟೆಯಲ್ಲಿ, ತಾಯಿ ಅಮೀನಗಡ ದಾಟಿದ ಗಾಡಿಯಲ್ಲಿ. ಯಾವ ಸ್ಟೇಜಿನಲ್ಲಿ ಇಳಿದು ಹಾಲೂಡಿಸಿ ಬರಲಿ?

ಹಾಲಿಗೆ ಕಾಯ್ದೆ ತಿಳಿಯದು. ಹುನಗುಂದ ಬಿಟ್ಟ ಮೇಲೆ ಒಂದು ದಿನ ಹಿಂದಿನ ಸೀಟಿನಲ್ಲಿ ಯಾರದೋ ಕೂಸು ಚೀರಿತು. ನನ್ನ ಎದೆ ಕಟ್ಟಿಕೊಂಡು ಅಂಗಿ ತೊಯ್ದುಹೋಯಿತು. ಮಷಿನ್ನು ಎದೆಗೆ ಒತ್ತಿ ಹಿಡಿದು ನಿಂತೆ. ನೋಡಿದ ಮುದುಕಿಯೊಬ್ಬಳು ಏನೂ ಕೇಳದೆ ತನ್ನ ಸೆರಗಿನ ಮೇಲಿದ್ದ ಟವೆಲ್ಲು ತೆಗೆದು ನನ್ನ ಹೆಗಲ ಮೇಲೆ ಹಾಕಿದಳು. "ಕಂಡಕ್ಟರ್ ಬಾಯಾರ, ಎಷ್ಟು ತಿಂಗಳದ್ರೀ?" ಅಂದಳು. ಆಮೇಲೆ ಹಿಂದಿನ ಸೀಟಿನವಳಿಗೆ, "ಲೇ, ಮೊದ್ಲ ಅದಕ್ಕ ಕುಡಸು, ಇಲ್ಲಾಂದ್ರ ಬಾಯಾರಿಗೆ ತ್ರಾಸ ಆಗ್ತೈತಿ" ಅಂತ ಗದರಿದಳು. ಬಸ್ಸಿನ ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಕೂಡಲಸಂಗಮದಲ್ಲಿ ಇಳಿಯುವಾಗ ಟವೆಲ್ಲು ತಿರುಗಿ ಕೊಡಹೋದರೆ ಮುದುಕಿ, "ಇರವಲ್ದ್ಯಾಕ, ನಾಳೆನೂ ಬೇಕಾಗ್ತದ" ಅಂದು ಸಂಗಮನಾಥನ ಗುಡಿಯ ಕಡೆಗೆ ನಡೆದಳು. ಪೂಜೆಯಲ್ಲಿ ಕೂತಾಗ ಬಾರದ ನೆಮ್ಮದಿ ಅಂದು ಆ ಗದ್ದಲದಲ್ಲಿ ಬಂದಿತ್ತು. ಯಾಕೆಂದು ಬಿಡಿಸಿ ಹೇಳಲು ನನಗೆ ಬರದು.

ದಿನದ ಕೊನೆಗೆ ಡಿಪೋದಲ್ಲಿ ಲೆಕ್ಕ. ಡ್ಯೂಟಿ ಹತ್ತುವ ಮೊದಲೇ ಕಿಸೆಯಲ್ಲಿ ಸ್ವಂತದ್ದು ಎಷ್ಟಿದೆಯೆಂದು ವೇಬಿಲ್ಲಿನಲ್ಲಿ ಬರೆದಿರಬೇಕು. ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು. ಹೆಚ್ಚಿದ್ದರೂ ತಂಟೆಯೇ, ಎಲ್ಲಿಂದ ಬಂತೆಂದು ಕೇಳುತ್ತಾರೆ. ಚಿಲ್ಲರೆ ಎಣಿಸುವಾಗೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಹೆಣ್ಣುಮಗಳು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಮಾಮೂಲಿಗಿಂತ ಹೆಚ್ಚು ತಂದ. ಇಷ್ಟೊಂದು ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲೇ ಚೆಲ್ಲಿ ಬಾ ಅಂತ ಹೊಳ್ಳಿ ಕಳಿಸಿದಳು. ಮಾರಯ್ಯನ ವಚನದ ‘ಕಾಯಕವೇ ಕೈಲಾಸ’ ಎಂಬ ಎರಡು ಪದಗಳು ಇಂದು ಎಷ್ಟೋ ಕಚೇರಿಗಳ ಗೋಡೆಯ ಮೇಲಿವೆ. ಲಕ್ಕಮ್ಮನ ಮಾತು ಗೋಡೆ ಹತ್ತಿಲ್ಲ. ಹತ್ತಿಸಿದರೆ ಹಲವರಿಗೆ ಇರುಸುಮುರುಸಾದೀತು.

ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲುವ ಕದಿರ ರೆಮ್ಮವ್ವ, ಈ ಶರಣೆಯರೆಲ್ಲರ ಹೆಸರಿಗೆ ಮುಂದಾಗಿ ಅವರ ದುಡಿತ ನಿಂತಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು ತಾಳೆಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ ಅಚ್ಚು ಹಾಕಿಸಿದ ಮೇಲೆ ವಚನಗಳು ನಮ್ಮಂಥವರ ಕೈಗೂ ಬಂದವು. ಸೋಮಮ್ಮನದು ಸಿಕ್ಕಿರುವುದು ಒಂದೇ ವಚನ. ಕಾಯಕದ ಬಗ್ಗೆ ಇವರು ಇಷ್ಟು ಹೇಳುತ್ತಾರಲ್ಲ, ಕುಟ್ಟುವಾಗ, ನೂಲುವಾಗ ಕೂಸುಗಳು ಎಲ್ಲಿರುತ್ತಿದ್ದವು? ನಾನು ಓದಿದ ವಚನಗಳಲ್ಲಿ ಎಲ್ಲೂ ತೊಟ್ಟಿಲು ತೂಗುವ ಸದ್ದು ಕೇಳಿಲ್ಲ. ತಾಯಿ ಅಂದರೆ ತಟ್ಟನೆ ಕಣ್ಣಿಗೆ ಬರುವವಳು, ಕಲ್ಯಾಣ ಚೆದುರಿದಾಗ ಮಗ ಚನ್ನಬಸವಣ್ಣನೊಡನೆ ಉಳವಿಯ ಹಾದಿ ಹಿಡಿದ ಅಕ್ಕನಾಗಮ್ಮ. ಆದರೆ ಆಗ ಮಗ ಕಂಕುಳ ಕೂಸಲ್ಲ, ಶರಣರ ದಂಡು ಮುನ್ನಡೆಸುವ ತರುಣ.

ಮೊನ್ನೆ ವಸ್ತಿ ಡ್ಯೂಟಿಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಹಳ್ಳಿಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಗಾಡಿ ಹೊರಡಿಸಬೇಕು. ಬದಲಿ ಕೇಳಲೋ ಬೇಡವೋ ಎಂಬ ತೂಗಾಟದಲ್ಲಿ ಅತ್ತೆಗೆ ಕೇಳಿದೆ, "ಅತ್ತಿ, ಲಕ್ಕಮ್ಮಗ ಮಕ್ಕಳಿದ್ದು ಅಂತೀರೇನು?"

ನನ್ನ ಗಂಡ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಅತ್ತೆ ಮೊಮ್ಮಗನನ್ನು ಎತ್ತಿ ಅವನ ತೊಡೆಯ ಮೇಲೆ ಕುಳ್ಳಿರಿಸಿ, ಮೊಬೈಲು ತೆಗೆದು ಕಪಾಟಿನ ಮೇಲಿಟ್ಟರು. "ಇದ್ದಿದ್ರ ಮಾರಯ್ಯನ ಕೈಯಾಗ ಕೊಟ್ಟು, ಅಕ್ಕಿ ಆಯಾಕ ಆಕೀನ ಹೋಗ್ತಿದ್ಲು. ಹೆಚ್ಚಿಗಿನೂ ತರ್ತಿರಲಿಲ್ಲ, ಹೊಳ್ಳಿ ಹೋಗೂ ಕೆಲಸಾನೂ ಉಳೀತಿತ್ತು."